ಮಳೆಗಾಲದಲ್ಲಿ ಲೇಸರ್ ಪ್ರಿಂಟರ್ ಕಾಗದ ನುಂಗಿದರೆ

ಆರಿದ್ರಾ ಮಳೆ ಹಿಡಿದರೆ ಸಾಕು, ತೀರ್ಥಹಳ್ಳಿ, ಹೊಸನಗರ ಕಡೆಯ ಆಫೀಸುಗಳಿಂದ ಫೋನ್ ಶುರು: 'ಸಾರ್, ಮಿಷನ್ ಕೆಟ್ಟಿದೆ, ಬನ್ನಿ.' ಹೋಗಿ ನೋಡಿದರೆ ಬಹಳ ಸಲ ಮಿಷನ್ನಿಗೆ ಏನೂ ಆಗಿರುವುದಿಲ್ಲ, ಕಾಗದಕ್ಕೆ ಥಂಡಿ ಹೊಡೆದಿರುತ್ತದೆ. ಡಬ್ಬಿಯಿಂದ ಹೊರಗುಳಿದ ಹಪ್ಪಳದ ಹಾಗೆ ಮೆತ್ತಗಾದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡು ಒಳಗೆ ಹೋಗುತ್ತವೆ. ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸುವ, 200 ಡಿಗ್ರಿ ಆಸುಪಾಸಿನ ಬಿಸಿ ರೋಲರಿಗೆ ತಾಗಿದ್ದೇ ಸುರುಳಿ ಸುತ್ತುತ್ತವೆ.

ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಅರ್ಧ ಗಂಟೆ ಬಿಡಿ. ಶಾಯಿಪುಡಿಯ ಡಬ್ಬಿ, ಅಂದರೆ ಕಾರ್ಟ್ರಿಜ್ ತೆಗೆದು ದಪ್ಪ ಬಟ್ಟೆ ಮುಚ್ಚಿಡಿ. ಬೆಳಕು ಬಿದ್ದರೆ ಅಕ್ಷರ ಮೂಡಿಸುವ ಉರುಳೆ, ಡ್ರಮ್, ಹಾಳು.

ಎಲ್ಲರೂ ಕೆಡಿಸುವುದು ಇಲ್ಲಿಂದ ಮುಂದೆ. ಕಂಡ ತುದಿ ಹಿಡಿದು ಎಳೆಯಬೇಡಿ. ಹಾಳೆ ಎಲ್ಲಿಯವರೆಗೆ ಹೋಗಿದೆ ನೋಡಿ. ಟ್ರೇ ಬಿಟ್ಟು ಈಗಷ್ಟೇ ಹೊರಟಿದ್ದರೆ ಟ್ರೇ ಕಡೆಗೇ ನಿಧಾನ ತೆಗೆಯಬಹುದು. ಬಿಸಿ ರೋಲರಿಗೆ ತಲುಪಿದ್ದರೆ ಹಿಂದಿನ ಬಾಗಿಲು ತೆಗೆದು, ಒತ್ತಡದ ಹಿಡಿಗಳಿದ್ದರೆ ಸಡಿಲಿಸಿ, ಕಾಗದ ಹೊರಬರುವ ದಿಕ್ಕಿಗೇ ಎಳೆಯಬೇಕು. ಎರಡೂ ಮೂಲೆ ಎರಡು ಕೈಯಲ್ಲಿ, ನೆಟ್ಟಗೆ. ಹರಿದರೆ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ. ಒಂದು ಮೂಲೆ ಕಮ್ಮಿಯಾದರೂ ಅದು ಒಳಗೇ ಇದೆ, ಟಾರ್ಚ್ ಹಾಕಿ ಹುಡುಕಿ. ಒಂದು ಅಡಿಕೆ ಮಂಡಿಯಲ್ಲಿ ರೈಟರ್ ಒಬ್ಬರು ಕವಳದ ತಟ್ಟೆಯ ಅಡಕತ್ತರಿಯಿಂದಲೇ ಕೆದಕಿದ್ದರು. ಆಮೇಲೆ ಬಂದ ಪ್ರತಿ ಬಿಲ್ಲಿನಲ್ಲೂ ಅದೇ ಜಾಗದಲ್ಲಿ ಕಪ್ಪು ಗೀರು. ರೋಲರಿನ ಮೇಲಿನ ಪದರವೇ ಸೀಳಿತ್ತು. ಕೈಗೆ ಮೆತ್ತಿದ ಶಾಯಿಪುಡಿಯನ್ನು ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಅದು ಇನ್ನಷ್ಟು ಹಿಡಿಯುತ್ತದೆ.

ಕಾರ್ಟ್ರಿಜ್ ಕೂರಿಸಿ, ಬಾಗಿಲು ಹಾಕಿ, ಹೊಸ ಕಟ್ಟಿನ ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆದು ನೋಡಿ.

ಕಾಗದದ ವಿಚಾರದಲ್ಲಿ ನನ್ನದು ಒಂದೇ ಹಟ: 75 ಜಿಎಸ್ಎಂಗಿಂತ (ಚದರ ಮೀಟರ್ ಕಾಗದಕ್ಕೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕ) ತೆಳ್ಳಗಿನದು ಮಳೆಗಾಲಕ್ಕೆ ಬೇಡ. ರೀಮಿಗೆ ನಾಲ್ಕು ಕಾಸು ಉಳಿಸಿ ಮೆಕ್ಯಾನಿಕ್ಕಿಗೆ ಕೊಡುವುದು ಯಾವ ಲೆಕ್ಕ? 500 ಹಾಳೆಯ ಕಟ್ಟನ್ನು ಒಮ್ಮೆಲೇ ಬಿಚ್ಚಬೇಡಿ. ಸಂಜೆ ಬಾಗಿಲು ಹಾಕುವಾಗ ಟ್ರೇಯಲ್ಲಿ ಉಳಿದದ್ದನ್ನು ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ ಬಾಯಿ ಕಟ್ಟಿ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ರೀಮ್ ಒಣಗಿಸಿದವರನ್ನೂ ಕಂಡಿದ್ದೇನೆ. ಅಡಿಕೆಗೆ ಸರಿ, ಕಾಗದ ಡೊಂಕಾಗಿ ಹೊಗೆ ನಾರುತ್ತದೆ. ಕಾಗದ ಜೋಪಾನ ಮಾಡಿಯೂ ಹಾಳೆ ಸುರುಳಿ ಸುತ್ತಿದರೆ ಸೆಟ್ಟಿಂಗಿನಲ್ಲಿ ಪೇಪರ್ ಟೈಪ್ 'ಲೈಟ್' ಮಾಡಿ, ರೋಲರಿನ ಬಿಸಿ ಇಳಿಯುತ್ತದೆ.

ಸಂತೆಯ ದರಕ್ಕೆ ಸಿಗುವ ರೀಫಿಲ್ ಪುಡಿ ಬೇಡವೇ ಬೇಡ. ಕರೆಂಟ್ ಹೋಗುವ ಊರೆಂದು ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಲೂಬೇಡಿ. ರೋಲರ್ ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಆ ಪುಟ್ಟ ಡಬ್ಬಿ ತಡೆಯುವುದಿಲ್ಲ.

ಒಣ ಕಾಗದ ಹಾಕಿದರೂ ಟ್ರೇಯಿಂದ ಹಾಳೆ ಏಳದಿದ್ದರೆ ಎತ್ತುವ ರೋಲರನ್ನು ಒದ್ದೆ ಬಟ್ಟೆ ಹಿಂಡಿ ಒರೆಸಿ. ರಬ್ಬರ್ ಕನ್ನಡಿಯಂತೆ ನುಣುಪಾಗಿದ್ದರೆ ಒರೆಸಿ ಫಲವಿಲ್ಲ, ಹೊಸದು ಹಾಕಿಸಿ.