ಆಲೆಮನೆ ಹತ್ರ ಸಂಜೆ ಸೂಜಿ

ಹದಿನಾರು ತಿಂಗಳ ಸೂಜಿಗೆ ಮಕ್ಕಳು ಬರಲ್ಲ ಅನ್ನೋದು ನಮ್ಮ ಸಿಸ್ಟರ್‌ಗಳೆಲ್ಲರ ಗೋಳು. ಒಂಬತ್ತು ತಿಂಗಳದ್ದು ಆಗ್ತಿದ್ದಂಗೆ ತಾಯಿ ಕಾರ್ಡು ಟ್ರಂಕ್ ಸೇರುತ್ತೆ. "ಎಲ್ಲಾ ಮುಗೀತಲ್ಲ ಸಿಸ್ಟರೇ?" ದಡಾರ-ರುಬೆಲ್ಲಾದ ಎಂಆರ್ ಎರಡನೇ ಡೋಸು, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಡಿಪಿಟಿ ಬೂಸ್ಟರು, ಪೋಲಿಯೊ ಹನಿ, ನಮ್ಮ ಮಂಡ್ಯಕ್ಕೆ ಮೆದುಳು ಜ್ವರದ್ದೂ ಸೇರಿ, ಎರಡು ವರ್ಷದೊಳಗೆ ಹಾಕ್ಬೇಕಾದ್ದೆಲ್ಲ ಬಾಕಿ.

ಪಾಂಡವಪುರದ ಕಡೆ ನನ್ನ ಸಬ್‌ಸೆಂಟರು, ಅಂದ್ರೆ ಹಳ್ಳಿ ಆರೋಗ್ಯ ಉಪಕೇಂದ್ರ. ಸುತ್ತ ಆಲೆಮನೆ, ಕಬ್ಬು ಕಡಿಯೋ ಗ್ಯಾಂಗು. ಮೊದಲ ವರ್ಷ ಬೆಳಿಗ್ಗೆ ಅಂಗನವಾಡೀಲಿ ಕೂತೆ. ಬಂದಿದ್ದು ಒಂದೇ ಮಗು. ವಾಪಸ್ ಕಳಿಸೋ ಹಾಗಿಲ್ಲವಲ್ಲ, ಐದು ಡೋಸಿನ ಎಂಆರ್ ವಯಲ್ (ಲಸಿಕೆ ಸೀಸೆ) ಒಡೆದೆ. ಒಡೆದ ಮೇಲೆ ಅದಕ್ಕೆ ನಾಲ್ಕೇ ಗಂಟೆ ಆಯಸ್ಸು, ಅಷ್ಟೂ ಹೊತ್ತು ಕಾದು ಮಿಕ್ಕ ನಾಲ್ಕನ್ನೂ ಎಸೆದೆ. ಐದು ರೋಗ ತಡೆಯೋ ಪೆಂಟಾ ಲಸಿಕೆ ಆಗಿದ್ರೆ ಒಡೆದ್ಮೇಲೂ 28 ದಿನ ಇಟ್ಕೋಬಹುದಿತ್ತು. ಮೀಟಿಂಗಲ್ಲಿ ವೇಸ್ಟೇಜ್ ಹೆಸರಲ್ಲಿ ಮಂಗಳಾರತಿ. ಆಮೇಲೆ ದೇವಸ್ಥಾನದ ಮೈಕಲ್ಲಿ ಕೂಗಿಸಿದೆ. ಕ್ಯಾಲೆಂಡರ್ ನೋಡಿರಲಿಲ್ಲ, ಅವತ್ತು ಅಮಾವಾಸ್ಯೆ! ಒಂದು ನರಪಿಳ್ಳೆ ಇಲ್ಲ. ಬಾಕಿ ಇರೋರ ಕಾರ್ಡಿಗೆ ಗುರುತಿಗೆ ಕೆಂಪು ದಾರ ಕಟ್ಟಿದ್ದೂ ಆಯ್ತು, ಮಕ್ಕಳು ಕಿತ್ತು ಆಟ ಆಡ್ಕೊಂಡ್ವು.

ಒಂದು ದಿನದ ಕೂಲಿ ಬಿಟ್ಟು ಸೂಜಿಗೆ ಯಾರು ಬರ್ತಾರೆ? ಅದಕ್ಕೇ ಸಾಯಂಕಾಲ ನಾಲ್ಕೂವರೆಗೆ ಲಸಿಕೆ ತಣ್ಣಗಿಡೋ ಕ್ಯಾರಿಯರ್ ಡಬ್ಬಿ ತಗೊಂಡು ಹೊರಟು, ಐದೂವರೆಗೆ ಆಲೆಮನೆ ಮುಂದೆ ಇಳಿದೆ. "ಕತ್ಲಲ್ಲಿ ಯಾರ್ ಬತ್ತಾರೆ, ನಿಂಗೇನ್ ಹುಚ್ಚೇನವ್ವ" ಅಂದಿದ್ರು ಹಿರಿಯ ಸಿಸ್ಟರ್ ಒಬ್ಬರು. ಅಮ್ಮಂದಿರ ನಂಬರ್ ಬಿಟ್ಟು ಗ್ಯಾಂಗ್ ನಡೆಸೋ ಮೇಸ್ತ್ರಿಗಳ ನಂಬರ್ ಬರ್ಕೊಂಡಿದ್ದೆ. ಗ್ಯಾಂಗ್ ಯಾವತ್ತು ಗಂಟುಮೂಟೆ ಕಟ್ಟುತ್ತೆ ಅನ್ನೋದು ಅವರಿಗೇ ಗೊತ್ತಿರೋದು. ಅವರನ್ನ ಒಪ್ಪಿಸಿದ್ದು ಹೇಗೆ ಅಂತ ಮಾತ್ರ ಕೇಳ್ಬೇಡಿ.

ಮೊದಲ ಸಂಜೆ ಐದು ಮಕ್ಕಳು, ವಯಲ್ ಖಾಲಿ. ಹಾಕಿದ ಮೇಲೆ ಅರ್ಧ ಗಂಟೆ ಕೂರಿಸೋಕೆ ಆಲೆಮನೆಗಿಂತ ಒಳ್ಳೆ ಜಾಗ ಇಲ್ಲ. ಕೈಗೊಂದು ಚೂರು ಬೆಲ್ಲ ಕೊಟ್ರೆ ಅಳು ನಿಂತಂಗೆ. ಕೊಪ್ಪರಿಗೆಯಿಂದ ದೂರ ಕೂರಿಸ್ಕೊಳ್ಳಿ ಅಷ್ಟೆ. ಬಳ್ಳಾರಿ ಕಡೆಯ ಹನ್ನೊಂದು ತಿಂಗಳ ಕೂಸೊಂದು ಬಂತು, ಪೆಂಟಾ ಒಂದೇ ಡೋಸ್ ಆಗಿತ್ತು. "ಮತ್ತ ಮೊದಲಿಂದ ಚುಚ್ಚಬೇಕೇನ್ರೀ?" ಅಂತ ಅವರಮ್ಮನಿಗೆ ಭಯ. ಬಿಟ್ಟಲ್ಲಿಂದಲೇ ಮುಂದಕ್ಕೆ ಅಂದೆ, ಎರಡನೇದು ಹಾಕ್ದೆ, ಜೊತೆಗೆ ಎಂಆರ್ ಮೊದಲನೇದೂ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು, ರಾತ್ರಿ ನಾನೇ ಫೋನ್ ಮಾಡ್ದೆ.

ಸ್ಕೂಟಿ ಪೆಟ್ರೋಲು, ಕಾರ್ಡಿನ ಜೆರಾಕ್ಸು ಅಂತ ತಿಂಗಳಿಗೆ ಮುನ್ನೂರೈವತ್ತು, ನಾನೂರು ನನ್ನ ಕೈಯಿಂದಲೇ ಹೋಗುತ್ತೆ, ಬಿಲ್ ಇನ್ನೂ ಪಾಸಾಗಿಲ್ಲ. ಆದ್ರೆ ಇಪ್ಪತ್ತಮೂರು ಮಕ್ಕಳಲ್ಲಿ ಮೊದಲು ಎಂಟೊಂಬತ್ತಕ್ಕೆ ಹದಿನಾರು ತಿಂಗಳದ್ದು ಆಗ್ತಿತ್ತು, ಈ ಸೀಸನ್ನಲ್ಲಿ ಹತ್ತೊಂಬತ್ತು ದಾಟ್ತು.

ಹೋದ ತಿಂಗಳು ಆ ಹಿರಿಯ ಸಿಸ್ಟರೇ ಫೋನ್ ಮಾಡಿ ಮೇಸ್ತ್ರಿಗಳ ನಂಬರ್ ಕೇಳಿದ್ರು. ಎರಡು ಕೊಟ್ಟೆ.