ಮೊದಲು ಗೆರೆ, ಆಮೇಲೆ ಮುಖ: ಚೀನೀ ಮನುಷ್ಯಚಿತ್ರ ಕಲಿತ ನನ್ನ ಅನುಭವ

ಚೀನೀ ಚಿತ್ರಕಲೆ ಕಲಿಯುತ್ತಿದ್ದೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಆ ಮಂಜು, ಬೆಟ್ಟ, ಬಿದಿರು ಎಲ್ಲ ಬರೀತೀರಾ?" ಇಲ್ಲ, ನಾನು ಬರೆಯುವುದು ಮನುಷ್ಯರನ್ನು. ಚೀನೀಯರು ತಮ್ಮ ಚಿತ್ರಗಳನ್ನು ಸ್ಥೂಲವಾಗಿ ಮೂರು ಪಾಲು ಮಾಡುತ್ತಾರೆ. ಬೆಟ್ಟ-ನೀರಿನ ಚಿತ್ರ ಶಾನ್‌ಶುಯ್, ಹೂವು-ಹಕ್ಕಿಯ ಚಿತ್ರ ಹುವಾನ್ಯಾವ್, ಮನುಷ್ಯರ ಚಿತ್ರ ರೆನ್‌ವು. ಮೊದಲೆರಡನ್ನು ಕಲಿಸುವವರು ನಾನಿರುವ ಸಿಂಗಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ರೆನ್‌ವು ಕಲಿಸುವವರನ್ನು ಹುಡುಕಿಕೊಂಡು ಹೋಗಬೇಕು. ಬ್ರಾಸ್ ಬಸಾ ಕಾಂಪ್ಲೆಕ್ಸಿನಲ್ಲಿ ಕಾಗದ, ಕುಂಚ ಮಾರುವ ಅಂಗಡಿಗಳಿವೆ. ಅಲ್ಲೊಬ್ಬರನ್ನು ಕೇಳಿ, ಅವರು ಇನ್ನೊಬ್ಬರ ಹೆಸರು ಹೇಳಿ, ಹೀಗೆ ಕೊನೆಗೂ ಒಬ್ಬ ವಯಸ್ಸಾದ ಲಾವ್‌ಶಿ ಸಿಕ್ಕರು. ಲಾವ್‌ಶಿ ಅಂದರೆ ಮೇಷ್ಟ್ರು.

ಊರಲ್ಲಿ ನಾನು ಮೈಸೂರು ಸಾಂಪ್ರದಾಯಿಕ ಶೈಲಿ ಕಲಿತವಳು. ಅಳಿಲಿನ ಕೂದಲಿನ ಕುಂಚ, ಚಿನ್ನದ ರೇಕು, ದೇವರ ಮುಖ ಎಲ್ಲ ಕೈಗೆ ಪರಿಚಯ ಇತ್ತು. ಲಾವ್‌ಶಿ ನನ್ನ ಹಳೆಯ ಚಿತ್ರಗಳನ್ನು ನಿಧಾನವಾಗಿ ನೋಡಿದರು. "ಬಣ್ಣ ಚೆನ್ನಾಗಿ ಗೊತ್ತು. ಬಣ್ಣ ಆಮೇಲೆ" ಅಂದರು. ಆ 'ಆಮೇಲೆ' ಬರಲು ತಿಂಗಳುಗಟ್ಟಲೆ ಹಿಡಿಯಿತು.

ಅಷ್ಟೂ ದಿನ ಮಾಡಿದ್ದು ಬರೀ ಗೆರೆ. ಬಣ್ಣವೇ ಇಲ್ಲದೆ, ಮಸಿಯ ಗೆರೆಯಲ್ಲೇ ಮುಗಿಯುವ ಚಿತ್ರಕ್ಕೆ ಬಾಯ್‌ಮ್ಯಾವ್ ಅನ್ನುತ್ತಾರೆ. 11ನೇ ಶತಮಾನದ ಲಿ ಗೊಂಗ್ಲಿನ್ ಇದರಲ್ಲಿ ದೊಡ್ಡ ಹೆಸರು. ಕುಂಚವನ್ನು ಕಾಗದಕ್ಕೆ ನೆಟ್ಟಗೆ ಹಿಡಿಯಬೇಕು. ತುದಿ ಯಾವಾಗಲೂ ಗೆರೆಯ ನಡುವೆಯೇ ಓಡಬೇಕು, ಅಂಚಿಗೆ ಜಾರಬಾರದು. ಮಣಿಕಟ್ಟು ಮೇಜಿಗೆ ತಾಗಬಾರದು. ಉದ್ದ ಗೆರೆಗೆ ಮೊಣಕೈಯೂ ಮೇಲೇಳಬೇಕು. ಮೈಸೂರು ಶೈಲಿಯಲ್ಲಿ ನಾವು ಕೈ ಊರಿ, ಗೆರೆಯನ್ನು ತುಂಡು ತುಂಡಾಗಿ ಎಳೆದು ಸೇರಿಸಬಹುದು. ಸೇರಿಸಿದ್ದು ಕಾಣದಿದ್ದರೆ ಸಾಕು. ಇಲ್ಲಿ ಹಾಗಿಲ್ಲ. ಹೆಗಲಿನಿಂದ ಇಳಿಯುವ ಸೆರಗಿನ ಗೆರೆ ಪಾದದವರೆಗೂ ಒಂದೇ ಉಸಿರಿನಲ್ಲಿ ಬರಬೇಕು. ನಡುವೆ ಕೈ ನಿಂತರೆ ಆ ಜಾಗದಲ್ಲಿ ಮಸಿ ಗಂಟು ಕಟ್ಟುತ್ತದೆ. ಒರೆಸಲಾಗದು, ಮುಚ್ಚಲಾಗದು.

ಈ ಗೆರೆಗಳಿಗೂ ಜಾತಿಗಳಿವೆ. ಬಟ್ಟೆಯ ಮಡಿಕೆ ಬರೆಯುವ ಹದಿನೆಂಟು ಬಗೆಯನ್ನು ಮಿಂಗ್ ರಾಜವಂಶದ ಕಾಲದವರು (14–17ನೇ ಶತಮಾನ) ಪಟ್ಟಿ ಮಾಡಿದರು. ಕಬ್ಬಿಣದ ತಂತಿ, ರೇಷ್ಮೆಯ ಎಳೆ, ಮೊಳೆ ತಲೆ ಇಲಿ ಬಾಲ, ಆರ್ಕಿಡ್ ಎಲೆ, ಮುರಿದ ಜೊಂಡು ಅಂತೆಲ್ಲ ಹೆಸರು. ಹದಿನೆಂಟೂ ಕಲಿಯಬೇಕಾ ಅಂತ ಕೇಳಿದೆ. ಲಾವ್‌ಶಿ ನಕ್ಕು, ನಾಲ್ಕೈದು ಗಟ್ಟಿಯಾಗಿ ಬಂದರೆ ಜೀವನ ಸಾಗುತ್ತದೆ, ಉಳಿದದ್ದು ಪಟ್ಟಿ ಮಾಡುವವರ ಉಮೇದು ಅಂದರು. ನನಗೂ ಈಗ ಹಾಗೇ ಅನಿಸುತ್ತದೆ.

ಇನ್ನು ಸಾಮಾನುಗಳ ವಿಚಾರ. ಶ್ವಾನ್ ಕಾಗದ ಅನ್ಹುಯ್ ಪ್ರಾಂತದ ಜಿಂಗ್ ಕೌಂಟಿಯದು. ಅಲ್ಲಿ ಬೆಳೆಯುವ ಒಂದು ಮರದ ತೊಗಟೆಗೆ ಭತ್ತದ ಹುಲ್ಲು ಸೇರಿಸಿ ಮಾಡುತ್ತಾರೆ. ಇದರಲ್ಲಿ ಎರಡು ತರ. ಏನೂ ಬಳಿಯದ 'ಹಸಿ' ಕಾಗದ ನೀರನ್ನು ಸರ್ರನೆ ಹೀರುತ್ತದೆ, ಮಸಿ ಹರಡುತ್ತದೆ. ಪಟಿಕ ಮತ್ತು ಚರ್ಮದ ಅಂಟಿನ ನೀರು ಬಳಿದು 'ಪಕ್ವ' ಮಾಡಿದ ಕಾಗದ ಹೀರುವುದಿಲ್ಲ. ಬಣ್ಣ ಮೇಲೇ ನಿಂತು, ನಾವು ಎಳೆದತ್ತ ಬರುತ್ತದೆ. ಕೂದಲೆಳೆಯಷ್ಟು ನಾಜೂಕಾದ ಗೊಂಗ್‌ಬಿ ಕೆಲಸಕ್ಕೆ ಪಕ್ವ ಕಾಗದ ಅಥವಾ ಹೀಗೇ ಹದ ಮಾಡಿದ ರೇಷ್ಮೆ ಬೇಕು. ಗೆರೆಗೆ ವೀಸಲ್ (ಮುಂಗುಸಿಯಂಥ ಪುಟ್ಟ ಪ್ರಾಣಿ) ಕೂದಲಿನ ಸಣ್ಣ ಕುಂಚ. ಬಣ್ಣ ಹರಡಲು ಮೇಕೆ ಕೂದಲು ಸೇರಿದ, ನೀರು ಜಾಸ್ತಿ ಹಿಡಿಯುವ 'ಬಿಳಿ ಮೋಡ' ಅನ್ನುವ ಕುಂಚ. ಬಣ್ಣದ ಡಬ್ಬಿ ತೆರೆದಾಗ ಒಂದು ಹಳೇ ಪರಿಚಯದವನೂ ಸಿಕ್ಕ. ಅವರು ತೆಂಗ್‌ಹುವಾಂಗ್ ಅನ್ನುವ ಹಳದಿ, ನಮ್ಮ ಮೈಸೂರು ಚಿತ್ರಗಳ ಉಬ್ಬು ಕೆಲಸಕ್ಕೆ ಹಾಕುವ ಗ್ಯಾಂಬೋಜ್ ಅಂಟೇ. ವಿಷ ಅದು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದವರು ಹುಷಾರಾಗಿರಬೇಕು.

ಲಾವ್‌ಶಿ ಗೆರೆ ಒಪ್ಪಿದ ಮೇಲೆ ನಕಲು ಶುರುವಾಯಿತು. ನಕಲು ಅಂದರೆ ಇಲ್ಲಿ ಕೀಳಲ್ಲ, ಓದುವ ದಾರಿಯೇ ಅದು. ಚೀನೀ ಮನುಷ್ಯಚಿತ್ರದಲ್ಲಿ ಅತಿ ಹಳೆಯ ಹೆಸರುಗಳಲ್ಲೊಂದು ನಾಲ್ಕನೇ ಶತಮಾನದ ಗು ಕಾಯ್‌ಜಿ. ಅವನ ಕೈಯದು ಅನ್ನುವ ಒಂದು ಚಿತ್ರವೂ ಮೂಲರೂಪದಲ್ಲಿ ಉಳಿದಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ 'ಎಚ್ಚರಿಕೆಯ ಮಾತುಗಳ' ಸುರುಳಿಯೂ ಆಮೇಲಿನವರ ನಕಲು ಅಂತಲೇ ಹೆಚ್ಚಿನವರ ಅಭಿಪ್ರಾಯ. ಅವನನ್ನು ನಮ್ಮವರೆಗೆ ತಂದವರು ನಕಲು ಮಾಡಿದವರೇ ಅಲ್ವಾ!

ನಾನು ಆರಿಸಿಕೊಂಡದ್ದು 'ತಲೆಗೆ ಹೂ ಮುಡಿದ ಹೆಂಗಸರು'. ಟಾಂಗ್ ಕಾಲದ (7–10ನೇ ಶತಮಾನ) ಜೋ ಫಾಂಗ್ ಬರೆದದ್ದು ಅನ್ನುತ್ತಾರೆ, ಕಾಲದ ಬಗ್ಗೆ ವಿದ್ವಾಂಸರ ಜಗಳ ಇದ್ದೇ ಇದೆ. ಮೂಲ ಇರುವುದು ಶೆನ್‌ಯಾಂಗಿನ ಲಿಯಾವ್‌ನಿಂಗ್ ಪ್ರಾಂತೀಯ ಮ್ಯೂಸಿಯಮ್ಮಿನಲ್ಲಿ. ಸುಮಾರು 46 ಸೆಂ.ಮೀ. ಎತ್ತರ, 180 ಸೆಂ.ಮೀ. ಉದ್ದದ ರೇಷ್ಮೆ. ಐವರು ಅರಮನೆಯ ಹೆಂಗಸರು, ಬೀಸಣಿಗೆ ಹಿಡಿದ ಒಬ್ಬ ದಾಸಿ, ಎರಡು ಪುಟ್ಟ ನಾಯಿ, ಒಂದು ಕೊಕ್ಕರೆ. ಕಥೆ ಏನೂ ಇಲ್ಲ. ಬೇಜಾರಿನ ಮಧ್ಯಾಹ್ನ ಅಷ್ಟೇ. ಬಲತುದಿಯವಳು ನಾಯಿಯನ್ನು ಆಡಿಸುತ್ತಿದ್ದಾಳೆ, ಎಡತುದಿಯವಳ ಬೆರಳಲ್ಲಿ ಚಿಟ್ಟೆ. ನಾನು ಆ ಎಡತುದಿಯವಳೊಬ್ಬಳನ್ನೇ ಹಿಡಿದೆ.

ದೊಡ್ಡದಾಗಿ ಮುದ್ರಿಸಿದ ಪ್ರತಿಯ ಮೇಲೆ ಕಾಗದ ಇಟ್ಟು ಗೆರೆ ತೆಗೆದೆ. ಎಲ್ಲ ಗೆರೆಗೂ ಒಂದೇ ಮಸಿ ಅಲ್ಲ. ಮುಖ, ಕೈಗಳಿಗೆ ತೆಳು ಮಸಿ, ಬಟ್ಟೆಗೆ ಸ್ವಲ್ಪ ದಟ್ಟ, ಮೇಲಿನ ರೆಪ್ಪೆಗೆ ಎಲ್ಲಕ್ಕಿಂತ ದಟ್ಟ. ಆಮೇಲೆ ಕೂದಲು. ಈ ಹೆಂಗಸರ ತುರುಬು ದೊಡ್ಡದು, ಕಪ್ಪಗೆ ಎತ್ತರಕ್ಕೆ ನಿಂತಿದೆ. ಅದನ್ನು ಒಂದೇ ಸಲಕ್ಕೆ ಕಪ್ಪು ಬಳಿದರೆ ಟೋಪಿ ಇಟ್ಟ ಹಾಗೆ ಕಾಣುತ್ತದೆ. ತೆಳು ಮಸಿಯ ಪದರ, ಒಣಗಿದ ಮೇಲೆ ಇನ್ನೊಂದು, ಮತ್ತೊಂದು. ಹಣೆಯ ಅಂಚಿನಲ್ಲಿ ಮಾತ್ರ ಮಸಿಯನ್ನು ನೀರಿನ ಕುಂಚದಿಂದ ಎಳೆದು ಮಾಯ ಮಾಡಬೇಕು. ಅದಕ್ಕೆ ಒಂದೇ ಕೈಯಲ್ಲಿ ಎರಡು ಕುಂಚ ಹಿಡಿಯುತ್ತಾರೆ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ನೀರು. ಬಣ್ಣ ಇಟ್ಟ ತಕ್ಷಣ ಬೆರಳಲ್ಲೇ ಕುಂಚ ತಿರುಗಿಸಿ ನೀರಿನದನ್ನು ಮುಂದೆ ತರಬೇಕು. ಹಣೆಯ ಅಂಚು ಕರಗಿದ ಮೇಲೆ, ಚರ್ಮದಿಂದ ಕೂದಲು ಹುಟ್ಟುವ ಜಾಗದಲ್ಲಿ ಒಂದೊಂದೇ ಎಳೆ ಎಳೆಯುವುದು. ಬೇರಿನಲ್ಲೂ ಚೂಪು, ತುದಿಯಲ್ಲೂ ಚೂಪು. ಈ ಅರ್ಧ ಇಂಚಿನ ಜಾಗ ಸರಿಯಾಗಿ ಬಂದರೆ ಇಡೀ ತಲೆಗೆ ಜೀವ ಬರುತ್ತದೆ.

ಮುಖಕ್ಕೆ 'ಮೂರು ಬಿಳಿ' ಅನ್ನುವ ಪದ್ಧತಿ. ಹಣೆ, ಮೂಗು, ಗದ್ದ ಈ ಮೂರು ಕಡೆ ಚಿಪ್ಪಿನ ಪುಡಿಯ ಬಿಳಿ ಎದ್ದು ಕಾಣಬೇಕು. ಕೆನ್ನೆಗೆ ತೆಳು ಕೆಂಪು. ಎಲ್ಲವೂ ಟೀ ನೀರಿನಷ್ಟು ತೆಳ್ಳಗೆ, ಪದರ ಪದರವಾಗಿ. 'ಮೂರು ಪಟಿಕ, ಒಂಬತ್ತು ಬಣ್ಣ' ಅನ್ನುವ ಮಾತೇ ಇದೆ ಅವರಲ್ಲಿ. ಕೆಲವು ಪದರ ಆದ ಮೇಲೆ ಪಟಿಕದ ನೀರು ಬಳಿದು ಕೆಳಗಿನದನ್ನು ಭದ್ರ ಮಾಡಿ, ಮತ್ತೆ ಮುಂದಕ್ಕೆ ಹೋಗುವುದು. ಪಟಿಕ ಜಾಸ್ತಿಯಾದರೆ ಕಾಗದ ಗರಿಗರಿಯಾಗಿ ಹೊಳೆಯತೊಡಗುತ್ತದೆ. ಕಮ್ಮಿಯಾದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಅಳತೆ ಬರೆದುಕೊಂಡರೂ ಪ್ರಯೋಜನವಿಲ್ಲ, ಸಿಂಗಪುರದ ಸೆಕೆಯಲ್ಲಿ ದಿನಕ್ಕೊಂದು ಹದ. ನಾನು ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡುತ್ತೇನೆ. ಸ್ವಲ್ಪ ಒಗರು ಇದ್ದರೆ ಸರಿ.

ಕಣ್ಣಪಾಪೆ ಕೊನೆಗೆ. ಗು ಕಾಯ್‌ಜಿ ಮನುಷ್ಯರನ್ನು ಬರೆದು ವರ್ಷಗಟ್ಟಲೆ ಕಣ್ಣಿಗೆ ಚುಕ್ಕಿ ಇಡದೆ ಬಿಡುತ್ತಿದ್ದನಂತೆ. ಯಾಕೆ ಅಂದರೆ, ಕೈಕಾಲು ಚೆನ್ನಾಗಿದ್ದರೂ ಇರದಿದ್ದರೂ ದೊಡ್ಡ ವಿಷಯವಲ್ಲ, ಒಳಗಿನ ಜೀವವನ್ನು ದಾಟಿಸುವುದು ಇದೇ ಅಂದನಂತೆ. ವಿಗ್ರಹಕ್ಕೆ ಕಣ್ಣು ತೆರೆಸುವುದನ್ನು ಕೊನೆಗೆ ಇಟ್ಟುಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಅತಿ ಖುಷಿ ಕೊಟ್ಟಿದ್ದು ಆಕೆ ಹೊದ್ದ ಪಾರದರ್ಶಕ ಬಟ್ಟೆ. ತೋಳು ಅದರೊಳಗಿಂದ ಕಾಣುತ್ತದೆ. ಬಟ್ಟೆ ಬರೆಯುವ ಮೊದಲು ಒಳಗಿನ ತೋಳನ್ನು ಪೂರ್ತಿ ಮುಗಿಸಬೇಕು, ಹೊರಗೆ ಬಿಟ್ಟ ಕೈಯನ್ನು ಮುಗಿಸಿದಷ್ಟೇ ಶ್ರದ್ಧೆಯಿಂದ. ಅದರ ಮೇಲೆ ನೀರಿಗೆ ಬಿಳಿ ತೋರಿಸಿದಷ್ಟು ತೆಳ್ಳನೆ ಬಣ್ಣ. ಬಟ್ಟೆ ಮಡಿಚಿ ಎರಡು ಪದರ ಆದ ಕಡೆ ಮಾತ್ರ ಇನ್ನೊಂದು ಸಲ. ಕೊನೆಗೆ ಅಂಚಿನ ಗೆರೆ, ನೇಯ್ಗೆಯ ವಿನ್ಯಾಸದ ಗೆರೆ. ಈ ವಿನ್ಯಾಸ ಮಡಿಕೆಯ ಹತ್ತಿರ ಬಂದಾಗ ಬಾಗಿ ಒಳಗೆ ಹೋಗಬೇಕು. ಸುಮ್ನೆ ನೇರವಾಗಿ ಎಳೆದರೆ ಬಟ್ಟೆ ತಗಡಾಗುತ್ತದೆ.

ಇಷ್ಟೆಲ್ಲ ಮೇಜಿನ ಮುಂದೆ ಕೂತು ಮಾಡಿದ ಮೇಲೆಯೇ ಆ ಹಳೇ ತಕರಾರು ನನಗೆ ಬಿಡಿಸಿಕೊಂಡದ್ದು, ಮನುಷ್ಯಚಿತ್ರ ಮೇಲೋ, ಬೆಟ್ಟ-ನೀರು ಮೇಲೋ ಅನ್ನುವುದು. ಗು ಕಾಯ್‌ಜಿ ಎಲ್ಲಕ್ಕಿಂತ ಮನುಷ್ಯ ಕಷ್ಟ, ಆಮೇಲೆ ಬೆಟ್ಟ-ನೀರು, ಆಮೇಲೆ ನಾಯಿ-ಕುದುರೆ ಅಂದ. ಟಾಂಗ್ ಕಾಲದ ವಿಮರ್ಶಕ ಜು ಜಿಂಗ್‌ಶ್ವಾನ್ ಕೂಡ ಮನುಷ್ಯರಿಗೇ ಮೊದಲ ಮಣೆ ಹಾಕಿದ. ಸುಮಾರು 1120ರಲ್ಲಿ ಸಿದ್ಧವಾದ ಸೊಂಗ್ ಚಕ್ರವರ್ತಿ ಹುಯ್‌ಜೊಂಗನ ಸಂಗ್ರಹದ ಪಟ್ಟಿಯಲ್ಲಿ ಹತ್ತು ವಿಭಾಗ. ದೇವರು-ಸಂತರ ಚಿತ್ರ ಒಂದನೆಯದು, ಮನುಷ್ಯರು ಎರಡನೆಯದು, ಬೆಟ್ಟ-ನೀರು ಆರನೆಯದು. ಆದರೆ ಗಾಳಿ ಅಷ್ಟರಲ್ಲೇ ತಿರುಗಿತ್ತು. 11ನೇ ಶತಮಾನದಲ್ಲೇ ಗುವೊ ರುವೊಶು ಅನ್ನುವವನು, ದೇವರು-ಮನುಷ್ಯರ ಚಿತ್ರದಲ್ಲಿ ಈಗಿನವರು ಹಿಂದಿನವರಿಗೆ ಸಮ ಅಲ್ಲ, ಬೆಟ್ಟ-ಮರ-ಹೂವಿನಲ್ಲಿ ಹಿಂದಿನವರು ಈಗಿನವರಿಗೆ ಸಮ ಅಲ್ಲ ಅಂತ ಬರೆದಿಟ್ಟ. ಯುವಾನ್ ಕಾಲಕ್ಕೆ (13–14ನೇ ಶತಮಾನ) ಬಂದರೆ ಚಿತ್ರಕಾರ ನಿ ಜಾನ್‌ನ ಬೆಟ್ಟ-ನೀರಿನಲ್ಲಿ ಖಾಲಿ ಮಂಟಪ ಇರುತ್ತದೆ, ಒಳಗೆ ಮನುಷ್ಯನೇ ಇರುವುದಿಲ್ಲ.

ಯಾಕೆ ಹೀಗಾಯಿತು? ಸರ್ಕಾರಿ ಕೆಲಸದಲ್ಲಿದ್ದು ಹವ್ಯಾಸಕ್ಕೆ ಬರೆಯುತ್ತಿದ್ದ ಪಂಡಿತರು ಚಿತ್ರವನ್ನು ಮನಸ್ಸಿನ ಮಾತು ಅಂತ ತಿಳಿದರು, ಹೋಲಿಕೆ ಮುಖ್ಯವಲ್ಲ ಅಂದರು, ಹಾಗಾಗಿ ಬೆಟ್ಟ ಮೇಲೇರಿತು. ಎಲ್ಲರೂ ಹೇಳುವ ಕಾರಣ ಇದು, ಸುಳ್ಳೇನಲ್ಲ. ನನಗೆ ಇನ್ನೊಂದೂ ಕಾಣುತ್ತದೆ. ಸಂಜೆ ಕಚೇರಿ ಮುಗಿಸಿ ಬಂದ ಅಧಿಕಾರಿ ಒಂದು ಬಂಡೆಯನ್ನು ಎಡಕ್ಕೆ ಸರಿಸಿ ಬರೆದರೆ ಯಾರೂ ಕೇಳುವುದಿಲ್ಲ. ಮೂಗನ್ನು ಎಡಕ್ಕೆ ಸರಿಸಿದರೆ ಮನೆಯ ಮಕ್ಕಳೂ ನಗುತ್ತಾರೆ. ಮನುಷ್ಯಚಿತ್ರಕ್ಕೆ ದಿನಪೂರ್ತಿ ಪಳಗಿದ ಕೈ ಬೇಕು. ಹಾಗೆ ದುಡಿಯುವವನನ್ನು ಅವರು ಕುಶಲಕರ್ಮಿ ಅಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದರು. ಕೆಲಸದ ಕಷ್ಟವನ್ನೇ ಕೀಳು ಮಾಡಿದ ಆ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಹಾಗಂತ ನಾಜೂಕು ಕೆಲಸವೇ ಎಲ್ಲ ಅಲ್ಲ. ದಕ್ಷಿಣ ಸೊಂಗ್ ಕಾಲದ (12–13ನೇ ಶತಮಾನ) ಲಿಯಾಂಗ್ ಕಾಯ್ ಬರೆದ ಕವಿ ಲಿ ಬಾಯ್‌ಯ ಚಿತ್ರ ಟೋಕಿಯೊ ನ್ಯಾಷನಲ್ ಮ್ಯೂಸಿಯಮ್ಮಿನಲ್ಲಿದೆ. ಇಡೀ ನಿಲುವಂಗಿ ಬೆರಳೆಣಿಕೆಯ ಬೀಸಿನಲ್ಲಿ ಮುಗಿದಿದೆ. ಹಸಿ ಕಾಗದದಲ್ಲಿ ಅದನ್ನು ಮಾಡಲು ಕೂತರೆ ಗೊಂಗ್‌ಬಿ ಕಲಿತ ಕೈಗೆ ಬೆವರು ಬರುತ್ತದೆ. ನನಗಿನ್ನೂ ಅದು ಒಲಿದಿಲ್ಲ.

ಸಿಂಗಪುರದಲ್ಲಿ ಇಪ್ಪತ್ತನೇ ಶತಮಾನದ ಚೀನೀ ಚಿತ್ರಕಾರ ಶು ಬೇಯ್‌ಹೊಂಗ್‌ನ ಹೆಸರು ಆಗಾಗ ಕಿವಿಗೆ ಬೀಳುತ್ತದೆ, ಅವನು ಇಲ್ಲಿ ಕೆಲಕಾಲ ಇದ್ದವನು. ಎಲ್ಲರಿಗೂ ಗೊತ್ತಿರುವುದು ಅವನ ಕುದುರೆಗಳು. ನನಗೆ ಅವನ ಮನುಷ್ಯರು ಮುಖ್ಯ. ಟಾಗೋರರ ಆಹ್ವಾನದ ಮೇಲೆ ಶಾಂತಿನಿಕೇತನಕ್ಕೆ ಹೋಗಿ, 1940ರಲ್ಲಿ ಅಲ್ಲಿಗೆ ಬಂದ ಗಾಂಧೀಜಿಯನ್ನು ಎದುರಿಗೇ ನೋಡಿ ಬರೆದ. ಬೆಟ್ಟ ಅಗೆಯಲು ಹೊರಟ ಹಠಮಾರಿ ಮುದುಕನ ಕಥೆಯ ದೊಡ್ಡ ಚಿತ್ರವನ್ನೂ ಅದೇ ವರ್ಷ ಭಾರತದಲ್ಲಿದ್ದಾಗ ಮಾಡಿದ. ನಾಲ್ಕು ಮೀಟರಿಗೂ ಉದ್ದದ ಕಾಗದದ ಮೇಲೆ ಮಸಿ, ಬಣ್ಣ. ಗುದ್ದಲಿ ಎತ್ತಿದ ಆ ಬರಿಮೈ ಗಂಡಸರಿಗೆ ಮಾದರಿಯಾದವರಲ್ಲಿ ಭಾರತೀಯರೂ ಇದ್ದರು. ಪ್ಯಾರಿಸಿನಲ್ಲಿ ಕಲಿತ ಮಾಂಸಖಂಡ, ಚೀನೀ ಗೆರೆ, ನಮ್ಮವರ ಮೈಕಟ್ಟು. ಹಾಗಾದರೆ ಈ ಗೆರೆಯಲ್ಲಿ ನಮ್ಮವರನ್ನು ಬರೆಯುವುದು ಹೊಸದೇನಲ್ಲ ಅಂತ ನನಗೂ ಧೈರ್ಯ ಬಂತು.

ಈಗ ಬರೆಯುತ್ತಿರುವುದು ಲಿಟ್ಲ್ ಇಂಡಿಯಾದ ಹೂವಿನಂಗಡಿಯ ಒಬ್ಬ ಅಕ್ಕನನ್ನು. ಮಲ್ಲಿಗೆ ಕಟ್ಟುತ್ತಾ ಕೂತಿರುವ ಭಂಗಿ. ಚೀನೀ ಅಳತೆಯಲ್ಲಿ ನಿಂತವರು ಏಳು ತಲೆ ಎತ್ತರ, ಕೂತವರು ಐದು. ನಮ್ಮ ಶಿಲ್ಪಶಾಸ್ತ್ರದ ಅಳತೆಯಾದ ತಾಲಮಾನದ ಒಂಬತ್ತು ತಾಲ ದೇವತೆಗಳಿಗೆ ಸರಿ, ಸ್ಟೂಲಿನ ಮೇಲೆ ಕೂತ ಅಕ್ಕನಿಗೆ ಚೀನೀ ಲೆಕ್ಕವೇ ಹೊಂದುತ್ತದೆ. ತೊಡಕಾದದ್ದು ಸೀರೆ. ಅವರು ವಾರದ ದಿನ ಉಡುವುದು ಗಂಜಿ ಹಾಕಿದ ಹತ್ತಿ ಸೀರೆ. ಅದಕ್ಕೆ ರೇಷ್ಮೆ ಎಳೆಯ ಗೆರೆ ಹಾಕಿ ನೋಡಿದೆ, ಮೈಸೂರು ಸಿಲ್ಕ್ ಉಟ್ಟು ಹೂ ಕಟ್ಟಲು ಕೂತ ಹಾಗೆ ಕಂಡಿತು. ಲಾವ್‌ಶಿ ಸೀರೆಯ ಒಂದು ತುಂಡು ತಾ ಅಂದರು. ಮೇಜಿನ ಮೇಲೆ ಹಾಕಿ, ಬೆರಳಿನಿಂದ ಮಡಿಚಿ, ಅದು ಮುರಿದು ನಿಲ್ಲುವ ಕೋನ ನೋಡಿದರು. "ಮುರಿದ ಜೊಂಡು" ಅಂದರು. ಮೊಣಕಾಲಿನ ಹತ್ತಿರ ಗೆರೆ ಬಾಗುವುದಿಲ್ಲ, ಚಕ್ಕನೆ ತಿರುಗುತ್ತದೆ. ಹೆಗಲಿನ ಮೇಲೆ, ಬೆವರಿಗೆ ಬಟ್ಟೆ ಮೆತ್ತಗಾದ ಕಡೆ ಮಾತ್ರ ರೇಷ್ಮೆ ಎಳೆ. ಹೂವಿನ ದಾರಕ್ಕೆ ಕಬ್ಬಿಣದ ತಂತಿ, ಒಂದೇ ದಪ್ಪ, ಎಲ್ಲೂ ಏರಿಳಿತ ಇಲ್ಲ.

ಗೆರೆ ಮುಗಿದಿದೆ, ಮಸಿಯ ಮೊದಲ ಪದರ ಒಣಗಿದೆ. ಈ ಅಕ್ಕನ ಮೈಬಣ್ಣಕ್ಕೆ ನಾನು ನೋಡಿದ ಚೀನೀ ಪುಸ್ತಕಗಳಲ್ಲಿ ಸೂತ್ರ ಇಲ್ಲ, ಅಲ್ಲಿ ಹೆಂಗಸರಿಗೆ ಇರುವುದು ಬಿಳಿಯ ಮೇಲೆ ಕೆಂಪು. ನಾನು ಕಾವಿಮಣ್ಣಿನ ಬಣ್ಣಕ್ಕೆ ಚೂರು ಮಸಿ, ಚೂರು ನೀಲಿ ಸೇರಿಸಿ ಪಟ್ಟಿ ಪಟ್ಟಿ ಬಳಿದು ನೋಡುತ್ತಿದ್ದೇನೆ. 'ಮೂರು ಬಿಳಿ'ಯ ಜಾಗದಲ್ಲಿ ಹಣೆ, ಮೂಗು, ಗದ್ದಕ್ಕೆ ಒಂದು ಪದರ ಕಮ್ಮಿ ಬಳಿದರೆ ಅದೇ ಹೊಳಪು ಸಿಗುವ ಹಾಗಿದೆ. ಮುಂದಿನ ವಾರ ಲಾವ್‌ಶಿಗೆ ತೋರಿಸಬೇಕು.