ಹಿನ್ನೀರಿನ ಆಚೆಯಿಂದ ಹೆಲ್ತ್ ಪಾಲಿಸಿ ಕೋರ್ಸಿಗೆ: ನಾನು ಅರ್ಜಿ ಹಾಕಿದ ಬಗೆ

ನಾನು ಓದಿದ್ದು ಬಿ.ಎಸ್ಸಿ. ನರ್ಸಿಂಗ್. ಕೆಲಸ ಮಾಡಿದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿಯಾಗಿ. ಎಲ್ಲರೂ ಸಿಎಚ್‌ಒ ಅಂತಲೇ ಕರೆಯೋದು. ಈಗ ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್‌ನಲ್ಲಿ, ಅಂದರೆ ಟಿಸ್‌ನಲ್ಲಿ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ವಿಷಯ ಆರೋಗ್ಯ ನೀತಿ, ಅರ್ಥಶಾಸ್ತ್ರ ಮತ್ತು ಹಣಕಾಸು. ಊರಿಗೆ ಹೋದಾಗಲೆಲ್ಲ ನರ್ಸಿಂಗ್, ಬಿಡಿಎಸ್, ಬಿಎಎಂಎಸ್ ಮುಗಿಸಿದವರು ಅರ್ಜಿ ಹೇಗೆ ಹಾಕಿದ್ರಿ ಅಂತ ಕೇಳುತ್ತಾರೆ. ಫೋನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಬರೆದೇ ಬಿಡ್ತೀನಿ.

"ಅದು ಓದಿ ಎಂತ ಆಗ್ತೀಯೆ?" ಇದು ನಮ್ಮ ಮನೆಯವರ ಪ್ರಶ್ನೆ. ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಅಂದುಕೊಂಡವರೇ ಜಾಸ್ತಿ. ಅದಲ್ಲ. ಒಂದು ಆಸ್ಪತ್ರೆಯನ್ನು ಚೆನ್ನಾಗಿ ನಡೆಸೋದು ಅದನ್ನು ಓದಿದವರ ಕೆಲಸ. ಆಸ್ಪತ್ರೆ ಎಲ್ಲಿರಬೇಕು, ಅಲ್ಲಿ ಯಾರಿರಬೇಕು, ದುಡ್ಡು ಯಾರ ಜೇಬಿನಿಂದ ಬರಬೇಕು, ಇದನ್ನು ಯಾರು ಯಾವ ಲೆಕ್ಕದಲ್ಲಿ ನಿರ್ಧರಿಸುತ್ತಾರೆ ಅನ್ನೋದು ನಮ್ಮ ಓದು.

ನನ್ನನ್ನು ಈ ಕಡೆ ಎಳೆದಿದ್ದು ಒಂದು ಲೆಕ್ಕವೇ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ ರಿಯಾಯಿತಿ ಕೊಟ್ಟು 3,000 ಮತ್ತು 20,000 ಮಾಡಿದ್ದಾರೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮಲೆನಾಡಿನ ಮನೆಗಳನ್ನು ನೋಡಿದವರಿಗೆ ಗೊತ್ತು. ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿಳಿದರೆ ಇನ್ನೊಂದು. ನಮ್ಮಲ್ಲಂತೂ ನಡುವೆ ನೀರು ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ ಕಡೆಯ ಊರುಗಳು ಆಚೆ ದಡದಲ್ಲಿ ಉಳಿದವು. ನಾನು ಕೆಲಸ ಮಾಡುವಾಗ ಸೇತುವೆ ಇರಲಿಲ್ಲ. ಕಳಸವಳ್ಳಿ ಹತ್ತಿರ ಲಾಂಚ್ ಹತ್ತಿ ಅಂಬಾರಗೋಡ್ಲಿನಲ್ಲಿ ಇಳಿದರೆ ಸಾಗರದ ದಾರಿ, ಇಲ್ಲವಾದರೆ ಕಾಡಿನ ದಾರಿಯಲ್ಲಿ ಕಾರ್ಗಲ್ ಸುತ್ತಬೇಕಿತ್ತು. ಸಂಜೆಯಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಸರ್ಕಾರದ ಆ ಲೆಕ್ಕದಲ್ಲಿ ಜನರ ಸಂಖ್ಯೆ ಇದೆ, ಲಾಂಚಿನ ಟೈಮಿಗೆ ಜಾಗ ಇಲ್ಲ.

ಎಲ್ಲಿಗೆ ಅರ್ಜಿ ಹಾಕೋದು ಅನ್ನೋದಕ್ಕೆ ನಾನು ರ್‍ಯಾಂಕಿಂಗ್ ಪಟ್ಟಿ ನೋಡಲಿಲ್ಲ. ಈ ವಿಷಯದಲ್ಲಿ ಅದರಿಂದ ಉಪಯೋಗ ಕಡಿಮೆ. ಪಠ್ಯಕ್ರಮ ತೆಗೆದು ಆರೋಗ್ಯ ಅರ್ಥಶಾಸ್ತ್ರ, ಹಣಕಾಸು, ನೀತಿ ವಿಶ್ಲೇಷಣೆ ಎಷ್ಟಿದೆ, ಬರೀ ಎಪಿಡೆಮಿಯಾಲಜಿ (ಕಾಯಿಲೆ ಹೇಗೆ ಹರಡುತ್ತೆ ಅನ್ನುವ ಶಾಸ್ತ್ರ) ಎಷ್ಟಿದೆ ಅಂತ ನೋಡಿದೆ. ಟಿಸ್‌ನಲ್ಲಿ ಇದಕ್ಕೆಂದೇ ಬೇರೆ ಎಂಪಿಎಚ್ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂಪಿಎಚ್ ನಡೆಸುತ್ತಿದೆ, ಒಳ್ಳೆಯ ಹೆಸರು. ಆರೋಗ್ಯವನ್ನು ಸಮಾಜದ ಕಡೆಯಿಂದ ನೋಡಬೇಕು ಅನ್ನುವವರಿಗೆ ಜೆಎನ್‌ಯು ಇದೆ. ಮನೆ ಹತ್ತಿರವೇ ಬೇಕು ಅಂದರೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ. ವಿದೇಶದಲ್ಲಿ ನನ್ನ ಕಣ್ಣು ಬಿದ್ದಿದ್ದು ಒಂದೇ ಕೋರ್ಸಿನ ಮೇಲೆ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಎರಡೂ ಸೇರಿ ನಡೆಸುವ ಒಂದು ವರ್ಷದ ಎಂಎಸ್ಸಿ ಅದು. ಆರೋಗ್ಯ ನೀತಿ, ಯೋಜನೆ, ಹಣಕಾಸು ಮೂರೂ ಅದರಲ್ಲಿವೆ. ಅಮೆರಿಕದ ಗೊಡವೆಗೆ ನಾನು ಹೋಗಲಿಲ್ಲ. ಹೋಗುವವರಿಗೆ ಒಂದು ಮಾತು: ಅಲ್ಲಿನ ಹೆಚ್ಚಿನ ಪಬ್ಲಿಕ್ ಹೆಲ್ತ್ ಕೋರ್ಸುಗಳಿಗೆ ಸೋಫಾಸ್ ಅನ್ನುವ ಒಂದೇ ಅರ್ಜಿ ವ್ಯವಸ್ಥೆ ಇದೆ. ಅದಕ್ಕೆ ನಿಮ್ಮ ಅಂಕಪಟ್ಟಿ ಡಬ್ಲ್ಯುಇಎಸ್‌ನಂಥ ಸಂಸ್ಥೆಯಲ್ಲಿ ಮೌಲ್ಯಮಾಪನ ಆಗಿ ಹೋಗಬೇಕು. ಅದಕ್ಕೇ ಬೇರೆ ಟೈಮು, ಬೇರೆ ದುಡ್ಡು.

ಅರ್ಜಿಯ ಜೀವ ಇರೋದು ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ, ಅಂದರೆ ಈ ಕೋರ್ಸ್ ಯಾಕೆ ಓದಬೇಕು ಅಂತ ನಾವು ಬರೆಯುವ ಪತ್ರದಲ್ಲಿ. ನಾನು ಜಾಸ್ತಿ ಹೊತ್ತು ಕೂತಿದ್ದೂ ಅದಕ್ಕೇ. ಕೈಯಿಂದ ಕೈಗೆ ಓಡಾಡುವ ಮಾದರಿಗಳು ಒಂದಷ್ಟು ಸಿಗುತ್ತವೆ. ಎಲ್ಲವೂ "ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಹಂಬಲ" ಅಂತ ಶುರುವಾಗಿ "ದೇಶದ ಆರೋಗ್ಯ ವ್ಯವಸ್ಥೆಯನ್ನು ಬದಲಿಸುತ್ತೇನೆ" ಅಂತ ಮುಗಿಯುತ್ತವೆ. ಓದುವವರು ಇಂಥದ್ದನ್ನು ರಾಶಿ ರಾಶಿ ಓದಿರುತ್ತಾರೆ. ನಾನು ಒಂದು ಸಂಜೆಯಿಂದ ಶುರು ಮಾಡಿದೆ. ತುಂಬು ಗರ್ಭಿಣಿ, ಬಿಪಿ 160/110, ತಲೆನೋವು, ಕಣ್ಣು ಮಂಜು. ಕೊನೆಯ ಲಾಂಚ್ ಹೋಗಿಯಾಗಿದೆ. ಫೋನಲ್ಲಿ ಡಾಕ್ಟರ ಹತ್ತಿರ ಮಾತಾಡಿ ಫಿಟ್ಸ್ ಬರದ ಹಾಗೆ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟು, ರಸ್ತೆ ದಾರಿಯಲ್ಲಿ ಸಾಗರಕ್ಕೆ ಕಳಿಸಬೇಕು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಅದನ್ನು ನಾನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದೆ. ಯಾಕೆಂದರೆ ನಾನು ಎಂಥ ಒಳ್ಳೆಯ ನರ್ಸ್ ಅಂತ ಅವರಿಗೆ ಹೇಳಬೇಕಾಗಿರಲಿಲ್ಲ.

ಮುಂದಿನದ್ದು ಪೂರ್ತಿ ಪ್ರಶ್ನೆಗಳು. ದಿನ ಹತ್ತಿರ ಬಂದ ಗರ್ಭಿಣಿಯರು ಮೊದಲೇ ಬಂದು ಉಳಿಯೋಕೆ ಸಾಗರದಲ್ಲಿ ಒಂದು ಜಾಗ ಬೇಕು ಅಂತಾದರೆ ಆ ತೀರ್ಮಾನ ತಾಲ್ಲೂಕಿನದೋ, ಜಿಲ್ಲೆಯದೋ, ರಾಜ್ಯದ್ದೋ? 108 ಗಾಡಿ ಯಾವ ದಡದಲ್ಲಿ ನಿಲ್ಲಬೇಕು ಅಂತ ಹೇಳುವವರು ಯಾರು? ಆರೋಗ್ಯ ಇಲಾಖೆಯ ದುಡ್ಡಿನಲ್ಲಿ ರಾತ್ರಿಯ ಲಾಂಚ್ ಓಡಿಸೋಕೆ ದಾರಿ ಇದೆಯಾ? ಒಂದೊಂದಕ್ಕೂ ನನಗೆ ಗೊತ್ತಿದ್ದಷ್ಟು ಉತ್ತರ ಬರೆದೆ, ಇನ್ನು ಯಾವುದನ್ನು ಕಲಿಯಬೇಕಿದೆ ಅಂತಲೂ ಬರೆದೆ. ಬರೀ "ನಮ್ಮೂರಲ್ಲಿ ಸೌಲಭ್ಯ ಇಲ್ಲ" ಅಂದರೆ ಅದು ದೂರು. ಈ ತೀರ್ಮಾನ ಯಾರ ಮೇಜಿನ ಮೇಲೆ ಆಗುತ್ತೆ ಅಂತ ಹುಡುಕೋಕೆ ಹೊರಟರೆ ಅಲ್ಲಿಂದ ಹೆಲ್ತ್ ಪಾಲಿಸಿ ಶುರು. ನನ್ನ ಅರ್ಜಿ ಎದ್ದು ನಿಂತಿದ್ದರೆ ಇದರಿಂದಲೇ ಅಂತ ನನ್ನ ನಂಬಿಕೆ. ಇಂಗ್ಲಿಷ್ ಏನೂ ಭಾರಿ ಇರಲಿಲ್ಲ. ಸಣ್ಣ ಸಣ್ಣ ವಾಕ್ಯ, ಅಷ್ಟೇ. ಅಂದಹಾಗೆ, ರೋಗಿಯ ಹೆಸರು, ಊರು, ತಿಂಗಳು ಯಾವುದನ್ನೂ ಬರೆಯಬೇಡಿ. ಹಿನ್ನೀರಿನ ಆಚೆ ಒಂದು ಹೆರಿಗೆ ಅಂದರೆ ಸಾಕು, ಯಾರದ್ದು ಅಂತ ಊರಿಗೆಲ್ಲ ಗೊತ್ತಾಗುತ್ತೆ.

ರೆಫರೆನ್ಸ್ ಪತ್ರದ ವಿಚಾರದಲ್ಲಿ ತಾಳ್ಮೆ ಬೇಕು. ಓದಿಸಿದವರು ಒಬ್ಬರು, ಕೆಲಸದಲ್ಲಿ ಮೇಲಿದ್ದವರು ಒಬ್ಬರು ಇದ್ದರೆ ಒಳ್ಳೆಯದು. ಕಾಲೇಜಿನಲ್ಲಿ ಒಬ್ಬರು "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದರು. ಇದು ಎಲ್ಲರ ಅನುಭವ ಅಲ್ವಾ? ನಾನು ಪತ್ರ ಬರೆಯಲಿಲ್ಲ. ಬದಲಿಗೆ ಅವರ ಕೈಕೆಳಗೆ ಮಾಡಿದ ಪ್ರಾಜೆಕ್ಟು, ಅಂಕ, ಸಮುದಾಯ ಪೋಸ್ಟಿಂಗ್‌ನಲ್ಲಿ ಮಾಡಿದ ಮನೆಮನೆ ಸರ್ವೆ, ಇವೆಲ್ಲವನ್ನೂ ಒಂದು ಪುಟದಲ್ಲಿ ಬರೆದು ಕೈಗೆ ಕೊಟ್ಟು, ಎದುರಿಗೇ ಕೂತೆ. ಅವರೇ ಬರೆದರು, ಚೆನ್ನಾಗೇ ಬರೆದರು. ಕೆಲಸದ ಕಡೆಯ ತೊಡಕು ಬೇರೆ ಥರದ್ದು. ವಿದೇಶದ ವಿಶ್ವವಿದ್ಯಾಲಯಗಳು ರೆಫರೆನ್ಸ್ ಕೊಡುವವರ ಕಚೇರಿ ಇಮೇಲ್ ಕೇಳುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲವೂ ಜಿಮೇಲ್. ಹಾಗಾಗಿ ಲೆಟರ್‌ಹೆಡ್ ಮೇಲೆ ಪತ್ರ ಬರೆಸಿ, ಸೀಲು ಹಾಕಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಇದೇ ರೂಢಿ ಅಂತ ಪ್ರವೇಶ ವಿಭಾಗಕ್ಕೆ ಮೊದಲೇ ಮೇಲ್ ಮಾಡಿ ಒಪ್ಪಿಗೆ ತಗೊಂಡೆ. ಕೇಳಿದರೆ ಒಪ್ಪುತ್ತಾರೆ. ಕೇಳದೆ ಕಳಿಸಿದರೆ ಅರ್ಜಿ ಸುಮ್ನೆ ಬಿದ್ದಿರುತ್ತದೆ.

ವಿದೇಶಕ್ಕೆ ಬೇಕಾಗುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಅಂಕ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಸುಮ್ನೆ ಮೊದಲೇ ಬರೆದಿಡಬೇಡಿ. ನಮ್ಮ ಶೇಕಡಾವಾರು ಅಂಕವನ್ನು ನೀವೇ ಜಿಪಿಎ ಮಾಡೋಕೂ ಹೋಗಬೇಡಿ, ಇದ್ದ ಹಾಗೇ ಕೊಡಿ.

ಟಿಸ್‌ಗೆ ಮೊದಲು ಟಿಸ್‌ನೆಟ್ ಅಂತ ಅವರದ್ದೇ ಪರೀಕ್ಷೆ ಇತ್ತು. ಈಗ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಜೊತೆ ಟಿಸ್‌ಗೂ ಬೇರೆ ಅರ್ಜಿ ಹಾಕಬೇಕು. ಇದನ್ನು ಮರೆತು ಕೂತವರನ್ನು ನೋಡಿದ್ದೇನೆ. ನಾನು ಅರ್ಜಿ ಹಾಕಿದ ವರ್ಷ ಆಯ್ಕೆಯಾದವರಿಗೆ ಎರಡನೇ ಹಂತದಲ್ಲಿ ಒಂದು ಸಾಮರ್ಥ್ಯ ಪರೀಕ್ಷೆ ಮತ್ತು ಸಂದರ್ಶನ ಇತ್ತು. ನನ್ನ ಸಂದರ್ಶನ ಆನ್‌ಲೈನ್. ನಮ್ಮ ಕಡೆ ಒಂದು ಗಾಳಿಮಳೆಗೆ ಕರೆಂಟೂ ಹೋಗುತ್ತೆ, ಟವರೂ ಹೋಗುತ್ತೆ. ಹಿಂದಿನ ದಿನವೇ ಸಾಗರದ ನೆಂಟರ ಮನೆಗೆ ಹೋಗಿ ಕೂತಿದ್ದೆ.

ಶಿವಮೊಗ್ಗ ಅಂದ ಕೂಡಲೇ ಮಂಗನ ಕಾಯಿಲೆ ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ, ಓದ್ಕೊಂಡು ಹೋಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನುವ ಇಂಗ್ಲಿಷ್ ಹೆಸರೂ ಆ ಕಾಡಿನದ್ದೇ. ಉಣುಗಿನಿಂದ ಹರಡುತ್ತದೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಜೋರಾಗಿತ್ತು. ಹಳೆಯ ಲಸಿಕೆಯ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಇಷ್ಟು ಹೇಳಿದ ಮೇಲೆ ನನ್ನನ್ನು ಕೇಳಿದ್ದು, "ಇಷ್ಟು ವರ್ಷ ಒಳ್ಳೆಯ ಲಸಿಕೆ ಯಾಕೆ ಬರಲಿಲ್ಲ?" ಇದು ವಿಜ್ಞಾನದ ಪ್ರಶ್ನೆಯ ಹಾಗೆ ಕಾಣುತ್ತೆ, ಅರ್ಧ ಭಾಗ ದುಡ್ಡಿನ ಪ್ರಶ್ನೆ. ಕೆಲವೇ ಜಿಲ್ಲೆಯ ಕಾಡಂಚಿನ ಜನಕ್ಕೆ ಬರುವ ಕಾಯಿಲೆ. ಸೊಪ್ಪು, ದರಗು ತರೋಕೆ ಕಾಡಿಗೆ ಹೋಗುವವರು ಲಸಿಕೆ ಕಂಪನಿಗೆ ಮಾರುಕಟ್ಟೆ ಅಲ್ಲ. ಹಾಗಾಗಿ ಸರ್ಕಾರವೇ ಖರ್ಚು ಹೊರಬೇಕು, ಹೊರುವುದಾಗಿ ಮೊದಲೇ ಮಾತು ಕೊಡಬೇಕು ಅಂದೆ.

ಆಮೇಲೆ ಬಂದಿದ್ದು ನಿಜವಾದ ಪಟ್ಟು. ಆಗ ಹಿನ್ನೀರಿನ ಸೇತುವೆ ಬಹುತೇಕ ಮುಗಿದಿತ್ತು. (2025ರ ಜುಲೈ 14ಕ್ಕೆ ಉದ್ಘಾಟನೆಯೂ ಆಯಿತು.) "ಸೇತುವೆ ಬಂದ ಮೇಲೆ ನಿಮ್ಮ ಸಮಸ್ಯೆ ಮುಗೀತಲ್ಲ? ಇದು ರಸ್ತೆ ಇಲಾಖೆಯ ವಿಷಯ, ಹೆಲ್ತ್ ಪಾಲಿಸಿ ಇದರಲ್ಲಿ ಎಲ್ಲಿದೆ?" ಒಂದು ಕ್ಷಣ ತಡೆದು, ಅರ್ಧ ಮುಗೀತು ಅಂತ ಒಪ್ಪಿಕೊಂಡೆ. ಸಾವಿರ ಆರೋಗ್ಯ ಯೋಜನೆಗಿಂತ ಆ ಸೇತುವೆ ನಮಗೆ ದೊಡ್ಡದು. ಆದರೆ ಸೇತುವೆ ದಾಟಿ ಸಾಗರ ಆಸ್ಪತ್ರೆಗೆ ರಾತ್ರಿ ಹೋದರೆ ಅರಿವಳಿಕೆ ಡಾಕ್ಟರು ಇರಬೇಕಲ್ಲ? ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರೆ, ಅಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಬಿಲ್ಲು ಯಾರದ್ದು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಎರಡೆಕರೆ ಅಡಿಕೆ ಇದ್ದು ಎಪಿಎಲ್ ಕಾರ್ಡ್ ಹಿಡಿದವರು ನಮ್ಮಲ್ಲಿ ಎಷ್ಟಿಲ್ಲ! ಎಲೆಚುಕ್ಕಿ ರೋಗ ಬಂದ ವರ್ಷ ಅವರ ಕೈಯಲ್ಲಿ ಏನಿರುತ್ತೆ? ಸಹಕಾರಿ ಸೊಸೈಟಿ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, ಕೆಲವು ವರ್ಷದ ಮೇಲೆ ಮತ್ತೆ ಬೇರೆಯಾಗಿ ಶುರುವಾಗಿದ್ದು ಯಾಕೆ ಅನ್ನೋದಕ್ಕೂ ಉತ್ತರದ ಒಂದು ತುದಿ ಇಲ್ಲೇ ಇದೆ ಅಂದೆ. ಸೊಸೈಟಿ ಸದಸ್ಯರಾದ ರೈತರಿಗೆ ಅದು ತಮ್ಮದು ಅನ್ನಿಸಿತ್ತು. ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಚೆನ್ನಾಗಿತ್ತು.

ದುಡ್ಡಿನ ಮಾತು. ಲಂಡನ್‌ನಿಂದಲೂ ಪ್ರವೇಶ ಬಂತು. ಹೊರದೇಶದವರಿಗೆ ಅಲ್ಲಿ ಬೋಧನಾ ಶುಲ್ಕವೇ 25 ಲಕ್ಷ ದಾಟುತ್ತದೆ, ಇರುವ ಖರ್ಚು ಬೇರೆ. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. ಆರೋಗ್ಯ ಹಣಕಾಸು ಓದೋಕೆ ಹೋಗುವವರಿಗೆ ಇದೇ ಮೊದಲ ಪಾಠ ಅಂತ ನಕ್ಕಿದ್ದೆ. ಬ್ರಿಟನ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್‌ಗೆ ಹಾಕಿದ್ದೆ, ಸಿಗಲಿಲ್ಲ. ಅದಕ್ಕೆ 2,800 ಗಂಟೆಯ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ನಮ್ಮ ದೇಶದಲ್ಲೇ ಇರಬೇಕು. ಅಮೆರಿಕಕ್ಕಾದರೆ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್ ಇದೆ, ಅದಕ್ಕೆ ಮೂರು ವರ್ಷದ ಅನುಭವ. ಕರ್ನಾಟಕದ ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದಲ್ಲಿ ಓದೋಕೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಖಂಡಿತ ವಿಚಾರಿಸಿ. ತೋಟ ಅಡ ಇಟ್ಟು ಸಾಲ ಮಾಡೋಣ ಅಂತ ಅಪ್ಪ ಅಂದರು. ನಾನು ಬೇಡ ಅಂದೆ. ಈ ಕ್ಷೇತ್ರದಲ್ಲಿ ಶುರುವಿನ ಸಂಬಳ ಆ ಸಾಲದ ಕಂತಿಗೆ ಸಾಲೋದಿಲ್ಲ, ಅದರಲ್ಲೂ ವಾಪಸ್ ಬಂದು ಕರ್ನಾಟಕದಲ್ಲೇ ಕೆಲಸ ಮಾಡಬೇಕು ಅಂತಿದ್ದರೆ. ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೋಗಿ ಅನ್ನೋದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಗೆಳೆಯರೂ ಇದ್ದಾರೆ.

ಕ್ಯಾಲೆಂಡರ್ ಹೀಗಿಟ್ಟುಕೊಳ್ಳಿ. ಚೀವನಿಂಗ್ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಮುಚ್ಚುತ್ತದೆ. ಲಂಡನ್‌ನ ಅರ್ಜಿಯನ್ನೂ ಅದೇ ಸುಮಾರಿಗೆ ಹಾಕಿದರೆ ಒಳ್ಳೆಯದು. ಡಿಸೆಂಬರ್-ಜನವರಿ ಹೊತ್ತಿಗೆ ಸಿಯುಇಟಿ-ಪಿಜಿ ನೋಂದಣಿ, ಮಾರ್ಚ್ ಸುಮಾರಿಗೆ ಪರೀಕ್ಷೆ. ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ವರ್ಷದ ಅಂಕ ಸೇರಿಸಿ ವಿಶ್ವವಿದ್ಯಾಲಯ ಕೊಡುವ ಪತ್ರ) ಮಾತ್ರ ಇದೆಲ್ಲಕ್ಕಿಂತ ಮೊದಲು, ಮಳೆಗಾಲದಲ್ಲೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡಿ, ಒಂದೆರಡು ಪ್ರತಿ ಜಾಸ್ತಿಯೇ ತಗೊಳ್ಳಿ. ಗುತ್ತಿಗೆ ಕೆಲಸದಲ್ಲಿರುವ ಸಿಎಚ್‌ಒಗಳು ರಾಜೀನಾಮೆ ಕೊಡುವ ಮೊದಲು ಬಾಂಡ್ ಪತ್ರ ತೆಗೆದು ಇನ್ನೊಮ್ಮೆ ಓದಿ, ಅನುಭವ ಪತ್ರವನ್ನು ಕೆಲಸದಲ್ಲಿ ಇರುವಾಗಲೇ ಬರೆಸಿಕೊಳ್ಳಿ.